ಮುದ್ದೆಕೋಲು ಹಿಡಿದ ದೇವತೆ

ನಮ್ಮ ಅವ್ವನನ್ನು ನೀವು ಕಳ್ಳಿ ಎಂದು ಬರೆದಿರಿ. ಅವಳ ಎದುರಿಗೇ ಕುಳಿತು ಬರೆದಿರಿ, ಅವಳಿಂದಲೇ ಅದಕ್ಕೆ ಸಹಿ ಹಾಕಿಸಿಕೊಂಡಿರಿ. ಹಾಳೆಯಲ್ಲಿ ಏನಿದೆಯೆಂದು ಓದಿ ಹೇಳುವಷ್ಟು ವ್ಯವಧಾನ ನಿಮಗಿರಲಿಲ್ಲ. ತಮ್ಮ ತೋಟದಲ್ಲಿ ಸಿಕ್ಕ ವಸ್ತುವನ್ನು ತಾವಾಗಿಯೇ ತಂದು ನಿಮ್ಮ ಮೇಜಿನ ಮೇಲಿಟ್ಟ ರೈತ ಕುಟುಂಬವೊಂದನ್ನು ಒಂದೂವರೆ ಪುಟದಲ್ಲಿ ನಿಧಿಗಳ್ಳರೆಂದೂ ಖೋಟಾ ಬಿಲ್ಲೆ ಮಾಡಿಸಿದವರೆಂದೂ ಕರೆದಿರಿ. ಆಮೇಲೆ ಆ ವಸ್ತುವನ್ನೇ ಕಳೆದಿರಿ. ಕಳೆದಿರೋ, ಯಾರಿಗಾದರೂ ಕೊಟ್ಟಿರೋ, ಕರಗಿಸಿದಿರೋ ನನಗೆ ಗೊತ್ತಿಲ್ಲ. ಗೊತ್ತಿರಬೇಕಾದವರು ನೀವು.

ನಿಮ್ಮದು ಯಾವ ಕಚೇರಿ ಎಂಬುದನ್ನು ಇಲ್ಲಿ ಬರೆಯುತ್ತಿಲ್ಲ. ಓದುತ್ತಿದ್ದಂತೆ ನಿಮಗೆ ತಿಳಿಯುತ್ತದೆ. ಉಳಿದವರಿಗೆ ನಡೆದದ್ದು ತಿಳಿದರೆ ಸಾಕು.

ಚನ್ನಪಟ್ಟಣದಿಂದ ಹೊಂಗನೂರಿನ ಬಸ್ಸು ಹಿಡಿದು, ಇಳಿದ ಮೇಲೂ ಒಂದಷ್ಟು ದೂರ ನಡೆದರೆ ನಮ್ಮ ಊರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ, ಎರಡು ಹಸು. ಆ ಕಡೆಯ ಎಲ್ಲರ ಬದುಕೂ ಹೆಚ್ಚುಕಡಿಮೆ ಹಾಗೆಯೇ. ರಾಮನಗರ ಆಗಷ್ಟೇ ಜಿಲ್ಲೆಯಾಗಿ, ಕಚೇರಿಗಳ ಬೋರ್ಡುಗಳ ಬಣ್ಣ ಇನ್ನೂ ಹಸಿಯಿದ್ದ ಕಾಲ. ನಾನು ಏಳನೇ ತರಗತಿಯ ಹುಡುಗಿ. ತೋಟಕ್ಕೆ ಹೊಸ ಪೈಪು ಎಳೆಯಲು ಅಪ್ಪ ಮಣ್ಣು ಅಗೆಯುತ್ತಿದ್ದಾಗ ಗುದ್ದಲಿಗೆ ಏನೋ ತಾಗಿ ಒಡೆದ ಸದ್ದಾಯಿತು. ಪಕ್ಕದ ಸಾಲಿನಲ್ಲಿ ಅವ್ವ ಸೊಪ್ಪು ಕೊಯ್ಯುತ್ತಿದ್ದಳು.

"ಮೂಳೆ ಗೀಳೆ ಇದ್ರೆ ಮುಟ್‌ಬ್ಯಾಡಿ, ಮುಚ್ಬುಡಿ ಅತ್ಲಾಗೆ" ಎಂದು ಅಲ್ಲಿಂದಲೇ ಕೂಗಿದಳು.

"ಮೂಳೆ ಅಲ್ಲ ಕಣಮ್ಮಿ, ಬಿಲ್ಲೆ" ಎಂದ ಅಪ್ಪ.

ಒಡೆದ ಕುಡಿಕೆಯೊಳಗೆ ಮಣ್ಣಿನೊಂದಿಗೆ ಬೆರೆತು ಮೂವತ್ತೊಂದು ಬಿಲ್ಲೆಗಳಿದ್ದವು. ಕೆಲವು ಹಳೆಯ ಒಂದು ರೂಪಾಯಿಯಷ್ಟು ಅಗಲ, ಕೆಲವು ಹುಣಸೆ ಬೀಜಕ್ಕಿಂತ ತುಸು ದೊಡ್ಡವು. ಎಲ್ಲದರ ಮೇಲೂ ದಪ್ಪನೆಯ ಹಸಿರು ಕಿಲುಬು. ಮೂರು ಬಿಲ್ಲೆಗಳು ಒಂದಕ್ಕೊಂದು ಕಚ್ಚಿಕೊಂಡು ಒಂದೇ ಗಂಟಾಗಿದ್ದವು. ಅಪ್ಪ ಅವನ್ನು ತನ್ನ ಟವೆಲ್ಲಿನ ಮೇಲೆ ಹರಡಿ ಎರಡು ಸಲ ಎಣಿಸಿದ.

ಅಂದು ಸಂಜೆ ಜಗಲಿಯ ಮೇಲೆ ಕುಳಿತು ಅವ್ವ ಒಂದು ಬಿಲ್ಲೆಯನ್ನು ಸೆರಗಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದಳು.

"ಎಣ್ದೇವ್ರು ಕನಾ. ನೋಡಿ, ಸೀರೆ ಉಟ್ಟವ್ಳೆ."

ಅಪ್ಪ ಬಗ್ಗಿ ನೋಡಿದ. "ಬೆನ್ ಮೇಲೆ ಅದೇನು? ಸೊಪ್ಪಿನ್ ವರೆನಾ?"

"ಹೊರೆ ಅಲ್ಲಪ್ಪ, ರೆಕ್ಕೆ" ಎಂದೆ ನಾನು.

"ರೆಕ್ಕೆ ಇದ್ಮೇಲೆ ಸೊಪ್ಪು ಒತ್ಕೊಂಡ್ ನಡಿಯೋ ಕರ್ಮ ಇವ್ಳಿಗಿಲ್ಲ. ಪುಣ್ಯವಂತೆ" ಎಂದು ಅವ್ವ ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. ಅದರಲ್ಲಿಯೂ ಒಬ್ಬಳು ಹೆಣ್ಣು ನಿಂತಿದ್ದಳು. ಎಡತೋಳಿನಲ್ಲಿ ಬಾಗಿದ ಕೊಂಬು, ಕೊಂಬಿನ ಬಾಯಿ ತುಂಬ ಹಣ್ಣು. ಬಲಗೈಯಲ್ಲಿ ನೆಲಕ್ಕೆ ಊರಿದ ಉದ್ದನೆಯ ಕೋಲು, ತುದಿ ಚಪ್ಪಟೆ. ಅವ್ವ ಬಹಳ ಹೊತ್ತು ನೋಡಿ, ನಕ್ಕುಬಿಟ್ಟಳು.

"ಅಯ್ಯೋ ನಮ್ಮವ್ವ! ಇವ್ಳು ಮುದ್ದೆಕೋಲು ಇಡ್ಕಂಡ್ ನಿಂತವ್ಳೆ."

"ಮುದ್ದೆ ತಿರುವಾಕೋ, ಒಡಿಯಾಕೋ?" ಎಂದ ಅಪ್ಪ.

"ಉಣ್ಣೋರಿಗೆ ಮುದ್ದೆ. ಉಂಡು ಕೊಂಕು ಆಡೋರಿಗೆ ಏಟು."

ಮತ್ತೊಂದರಲ್ಲಿ ತಲೆಯ ಸುತ್ತ ಕಿರಣಗಳಿದ್ದ ಗಂಡು ದೇವರು, ಬಲಗೈ ಎತ್ತಿ ನಿಂತಿದ್ದ. ಅವನು ಸೂರ್ಯನಾರಾಯಣನೆಂದು ಹೇಳಲು ಅವ್ವನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಬಿಲ್ಲೆಗಳ ಇನ್ನೊಂದು ಬದಿಯಲ್ಲಿ ಉದ್ದ ಮೂಗಿನ ಗಂಡಸಿನ ಮುಖವಿತ್ತು. "ಯಾವನೋ ಯಜಮಾನ" ಎಂದು ಅವಳು ಅವನನ್ನು ಬದಿಗೆ ಸರಿಸಿದಳು. ಅವಳಿಗೆ ಬೇಕಾಗಿದ್ದವಳು ಮುದ್ದೆಕೋಲಿನವಳು.

ಮಣ್ಣೊಳಗಿಂದ ಬಂದದ್ದು ಸರ್ಕಾರಕ್ಕೆ ಸೇರಿದ್ದೆಂಬುದು ಅಪ್ಪನಿಗೆ ಗೊತ್ತಿತ್ತು. ಮರುದಿನವೇ ಹೋಗಿ ಕೊಡಬೇಕೆಂಬ ಮನಸ್ಸೂ ಇತ್ತು. ಆದರೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ರೇಷ್ಮೆ ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳುವಿನ ಹಸಿವು ಭೂತದ ಹಸಿವು. ಕೊಯ್ದು ತಂದು ಹಾಕಿದ ಸೊಪ್ಪು ಕಣ್ಣೆದುರೇ ಕರಗುತ್ತದೆ. ಅವು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗೆ ಏರುವ ತನಕ ಹುಳು ಸಾಕುವವರು ಹತ್ತಿರದ ನೆಂಟರ ಮದುವೆಗೂ ಹೋಗುವುದಿಲ್ಲ. ಕರೆದವರೂ ತಪ್ಪು ತಿಳಿಯುವುದಿಲ್ಲ. ಹೀಗೆ ಎಂಟು ದಿನ ಕಳೆಯಿತು. ಈ ಎಂಟು ದಿನಗಳನ್ನು ನೀವು ಮುಂದೆ ಏನು ಮಾಡಿದಿರಿ ಎಂಬುದನ್ನು ಹೇಳುತ್ತೇನೆ.

ಆ ನಡುವೆ ಪಕ್ಕದ ತೋಟದವನೊಬ್ಬ ಬಂದು ಬಿಲ್ಲೆಗಳನ್ನು ನೋಡಿ ಅಪ್ಪನ ಕಿವಿಯ ಹತ್ತಿರ ಬಗ್ಗಿದ. "ಒಂದ್ ನಾಕು ಎತ್ತಿ ಮಡೀಕಳ್ಳಲಾ. ಎಣ್ಸಿರೋರು ಯಾರವ್ರೆ?"

"ನಾನೇ ಎಣ್ಸಿವ್ನಿ ಕಣ್ಲಾ" ಎಂದ ಅಪ್ಪ. ನನ್ನ ಇಷ್ಟು ವರ್ಷದ ಓದಿನಲ್ಲಿ ಪ್ರಾಮಾಣಿಕತೆಗೆ ಇದಕ್ಕಿಂತ ಚಿಕ್ಕ ವ್ಯಾಖ್ಯೆ ನನಗೆ ಸಿಕ್ಕಿಲ್ಲ.

ಹುಳು ಚಂದ್ರಿಕೆ ಹತ್ತಿದ ದಿನ ಅವ್ವ ಬಿಲ್ಲೆಗಳನ್ನು ಹಿತ್ತಲಿಗೆ ಒಯ್ದಳು. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ದೀಪದ ಕಂಬ ಬೆಳಗುವಂತೆ ಒಂದೊಂದನ್ನೂ ಉಜ್ಜಿದಳು. ಕಚ್ಚಿಕೊಂಡಿದ್ದ ಮೂರು ಮಾತ್ರ ಬಗ್ಗಲಿಲ್ಲ. ಅವನ್ನು ಹಾಗೆಯೇ ಬಿಟ್ಟಳು. ಉಳಿದ ಇಪ್ಪತ್ತೆಂಟು ಹೊಸ ತಾಮ್ರದ ಚೊಂಬಿನಂತೆ ಕೆಂಪಗೆ ಹೊಳೆದವು. ದೇವರನ್ನು ಕೊಳೆಮುಖದಲ್ಲಿ ಮನೆಯಿಂದ ಹೊರಗೆ ಕಳಿಸುವುದು ಅವಳ ಪಾಲಿಗೆ ಆಗದ ಮಾತು. ಆ ಹೊಳಪಿಗೆ ಆಸೆಪಟ್ಟು ನಾನು ನನ್ನ ಲೆಕ್ಕದ ಪುಸ್ತಕದ ಹಾಳೆಯ ಕೆಳಗೆ ಒಂದೊಂದನ್ನೇ ಇಟ್ಟು ಮೇಲೆ ಪೆನ್ಸಿಲ್ ತೀಡಿದೆ. ರೆಕ್ಕೆ, ಕೊಂಬು, ಕೋಲು, ಅಂಚಿನ ಸುತ್ತ ನಾವು ಶಾಲೆಯಲ್ಲಿ ಕಲಿಯುತ್ತಿದ್ದ ಇಂಗ್ಲಿಷ್ ಅಕ್ಷರಗಳಂಥವೇ ಅಕ್ಷರಗಳು, ಎಲ್ಲವೂ ಹಾಳೆಯ ಮೇಲೆ ಎದ್ದವು. ಇಪ್ಪತ್ತೆಂಟರ ಎರಡೂ ಬದಿ ತೆಗೆದುಕೊಂಡೆ.

ಆಮೇಲೆ ಅವ್ವ ತನ್ನ ಪೆಟ್ಟಿಗೆಯಿಂದ ಹಸಿರು ರವಿಕೆ ಕಣ ತೆಗೆದು ಹಾಸಿ, ಬಿಲ್ಲೆಗಳನ್ನು ಇಟ್ಟು, ಅರಿಶಿನ ಕುಂಕುಮ ಸೋಕಿಸಿ, ಮೂರು ಹಿಡಿ ಅಕ್ಕಿ, ಎಲೆ ಅಡಿಕೆ, ಒಂದು ಬೆಲ್ಲದ ಚೂರು ಸೇರಿಸಿ ಗಂಟು ಕಟ್ಟಿದಳು. ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲಕ್ಕಿ ತುಂಬಿ ಕಳಿಸುವುದು ನಮ್ಮ ಮನೆಗಳ ಪದ್ಧತಿ. ಎಂಟು ದಿನ ಮನೆಯಲ್ಲಿದ್ದ ಹೆಣ್ಣಿಗೆ ಅವಳು ಅದನ್ನೇ ಮಾಡಿದಳು.

ಆ ಗಂಟನ್ನು ಮಡಿಲಲ್ಲಿಟ್ಟುಕೊಂಡೇ ಅವ್ವ ಬಸ್ಸಿನಲ್ಲಿ ಕುಳಿತಳು. ನಾವು ಮೂವರೂ ನಿಮ್ಮ ಮುಂದೆ ಬಂದು ನಿಂತಾಗ ಹೊತ್ತು ನೆತ್ತಿಗೇರಿತ್ತು. ಕುಳಿತುಕೊಳ್ಳಿ ಎಂದು ನೀವು ಹೇಳಲಿಲ್ಲ. ಗಂಟು ಬಿಚ್ಚಿದ ಅಧಿಕಾರಿಯ ಕೈ ಅರಿಶಿನದ ಅಕ್ಕಿ ತಾಗಿದ್ದೇ ಹಿಂದಕ್ಕೆ ಹೋಯಿತು.

"ಏನಮ್ಮಾ ಇದು? ಮಾಟ ಮಾಡಿಸ್ಕೊಂಡು ತಂದಿದೀಯಾ?"

"ಮಾಟ ಅಲ್ಲ ಸಾಮಿ, ಮಡ್ಲಕ್ಕಿ. ಎಣ್ಮಗ್ಳು ಮನೆ ಬುಟ್ಟು ವೊಯ್ತಾವ್ಳಲ್ಲ, ಬರಿಗೈಲಿ ಕಳ್ಸಾಕಾಯ್ತದಾ?"

ಪಕ್ಕದ ಮೇಜುಗಳವರು ಗೊಳ್ಳೆಂದು ನಕ್ಕರು. "ಹಾಗಾದ್ರೆ ಅಳಿಯ ಯಾರಮ್ಮಾ, ನಮ್ಮ ಸಾಹೇಬ್ರಾ?" ಎಂದನೊಬ್ಬ. ಸಾಹೇಬರೂ ಸ್ವಲ್ಪ ನಕ್ಕರು. ಒಂದು ಬಿಲ್ಲೆ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು.

"ಈ ಹೊಳಪು ನೋಡ್ರಿ. ನಿನ್ನೆ ಮೊನ್ನೆ ಎರಕ ಹೊಯ್ದಿರೋದು. ಇಂಗ್ಲಿಷ್ ಅಕ್ಷರ ಬೇರೆ! ಹೈವೇ ಪಕ್ಕ ಗೊಂಬೆ ಅಂಗಡೀಲಿ ಫಾರಿನ್ನೋರಿಗೆ ಮಾರ್ತಾರಲ್ಲ, ಆ ಸಾಮಾನು."

"ನಾನೇ ಉಣಸೆಣ್ಣಾಕಿ ಉಜ್ದೆ ಸಾಮಿ" ಎಂದಳು ಅವ್ವ.

"ಯಾಕೆ ಉಜ್ಜಿದೆ? ಏನ್ ಮುಚ್ಚಿಡೋಕೆ?"

"ಮುಚ್ಚಿಡಾಕೆ ಯಾರಾದ್ರೂ ಉಜ್ತಾರಾ ಸಾಮಿ? ಕಾಣ್ಲಿ ಅಂತ ಉಜ್ಜೋದು."

ನಗು ನಿಂತದ್ದು ಆಗ. ಸಾಹೇಬರು ಬಿಲ್ಲೆ ಕೆಳಗಿಟ್ಟು ಪೆನ್ನು ಎತ್ತಿಕೊಂಡರು. ಎಷ್ಟು ದಿನವಾಯಿತು ಸಿಕ್ಕಿ ಎಂದು ಕೇಳಿದಿರಿ. ಎಂಟು ದಿನ ಎಂದ ಅಪ್ಪ. ಎಂಟು ದಿನ ಏನು ಮಾಡುತ್ತಿದ್ದಿರಿ ಎಂದಿರಿ. ಹುಳು ಎದ್ದಿದ್ದವು ಎಂದ. ರೇಷ್ಮೆಯ ನಾಡಿನಲ್ಲಿ ಕುಳಿತು ಕೆಲಸ ಮಾಡುವ ನಿಮಗೆ ಆ ಎರಡು ಪದಗಳ ಅರ್ಥ ತಿಳಿದಿರಲಿಲ್ಲ, ಕೇಳಿ ತಿಳಿದುಕೊಳ್ಳಬೇಕೆಂದೂ ಅನಿಸಲಿಲ್ಲ. ಕಚ್ಚಿಕೊಂಡ ಮೂರು ಬಿಲ್ಲೆಗಳ ಗಂಟನ್ನು ಅಪ್ಪ ಎರಡು ಬೆರಳಿನಿಂದ ಮುಂದಕ್ಕೆ ಸರಿಸಿ, "ಇದು ತೊಳ್ದಿಲ್ಲ ಸಾಮಿ, ಸಿಕ್ದಂಗೇ ಐತೆ, ಇದ್ನ ಒಸಿ ನೋಡಿ" ಎಂದ. ಯಾರೂ ನೋಡಲಿಲ್ಲ. ಎಷ್ಟೋ ನೂರು ವರ್ಷದ ಕಿಲುಬು ಅದರ ಮೇಲೆ ಇದ್ದ ಹಾಗೆಯೇ ಇತ್ತು, ನಿಮ್ಮ ಮೇಜಿನ ಮೇಲೆ, ನಿಮ್ಮ ಚಹಾದ ಲೋಟದ ಪಕ್ಕದಲ್ಲಿ.

"ಬರ್ದಿರೋದ್ನ ಒಸಿ ಓದಿ ಯೋಳಿ" ಎಂದು ಅಪ್ಪ ಕೇಳಿದ್ದಕ್ಕೆ "ಎಲ್ಲ ಬರೆದಿದೀವಿ, ಕಾಪಿ ಆಮೇಲೆ ಕೊಡ್ತೀವಿ" ಎಂದಿರಿ. ಅವ್ವ ಅಕ್ಷರ ಕೂಡಿಸಿಕೊಂಡು ತನ್ನ ಹೆಸರನ್ನು ಬರೆಯಬಲ್ಲಳು, ಬೇರೇನನ್ನೂ ಓದಲಾರಳು. ಅವಳು ಸಹಿ ಹಾಕಿ ಮುಗಿಸುವ ತನಕ ಗುಮಾಸ್ತ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದ. ಕಾಪಿ ಆ ವಾರವೂ ಬರಲಿಲ್ಲ, ಆ ವರ್ಷವೂ ಬರಲಿಲ್ಲ.

ಕಾಪಿಯ ಬದಲು ಬಂದವರು ಪೊಲೀಸರು. ಇನ್ನೂ ಎಲ್ಲಿ ಹೂತಿಟ್ಟಿದ್ದೀರಿ ಎಂದು ಕೇಳುತ್ತ ತೋಟದಲ್ಲಿ ನಾಲ್ಕು ಕಡೆ ಅಗೆಸಿದರು. ಕೈಕಾಲು ತೊಳೆಯದೆ ನಾವು ಮನೆಯವರೇ ಕಾಲಿಡದ ಹುಳುವಿನ ಮನೆಗೆ ಬೂಟುಗಾಲಲ್ಲಿ ನುಗ್ಗಿದರು. ಏನೂ ಸಿಗಲಿಲ್ಲವಾದ್ದರಿಂದ ಹೋದರು. ಏನೂ ಸಿಗಲಿಲ್ಲವೆಂದು ಊರಿಗೆ ಯಾರೂ ಹೇಳಲಿಲ್ಲ. ಅಂದಿನಿಂದ ನಮ್ಮದು ನಿಧಿ ಮನೆ. ಅಪರಿಚಿತರು ಕಾರಿನಲ್ಲಿ ಬಂದು ತೋಟದ ಬೇಲಿಯಾಚೆ ನಿಂತು ನೋಡಿ ಹೋಗುತ್ತಿದ್ದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ "ಏನ್ ಗೌಡ್ರೇ, ನಿಧಿ ಸಿಕ್ಕಿದ್ಮೇಲೂ ಗೂಡು ಮಾರಾಕ್ ಬತ್ತೀರಾ?" ಎಂದು ಕೇಳುವವರಿಗೆ ಅಪ್ಪ ಮೊದಮೊದಲು ಉತ್ತರ ಕೊಡುತ್ತಿದ್ದ, ಆಮೇಲೆ ಬರೀ ನಗುತ್ತಿದ್ದ, ಕೊನೆಗೆ ನಗುವುದನ್ನೂ ಬಿಟ್ಟ.

ಅವ್ವನದು ಬೇರೆ. ನಲ್ಲಿಯ ಹತ್ತಿರ ಒಬ್ಬಾಕೆ ಎಲ್ಲರೆದುರು ಕೇಳಿದಳು: "ಒಂದ್ ಬಿಲ್ಲೆನಾದ್ರೂ ತಾಳಿಗೆ ಏರಿಸ್ಕಂಡ್ಯೇನವ್ವಾ?" ಅವ್ವ ಕೊಡ ಕೆಳಗಿಟ್ಟು ತಾಳಿಯನ್ನು ರವಿಕೆಯಿಂದ ಹೊರಗೆಳೆದು, ಸಾಲಿನಲ್ಲಿದ್ದ ಒಬ್ಬೊಬ್ಬರ ಮುಂದೆಯೂ ಹಿಡಿದು ತೋರಿಸಿ, ನೀರು ಹಿಡಿಯದೆ ಮನೆಗೆ ಬಂದಳು. ನಾನು ಅವಳ ಹಿಂದೆಯೇ ಖಾಲಿ ಕೊಡ ಹೊತ್ತು ಬಂದೆ. ಆ ದಿನ ಅವಳು ಅಳಲಿಲ್ಲ. ಅತ್ತಿದ್ದರೆ ಈ ಬರಹದ ಸ್ವರ ಬಹುಶಃ ಇಷ್ಟು ಕಹಿಯಾಗಿರುತ್ತಿರಲಿಲ್ಲ.

ಮುಂದೆ ನಾನು ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಓದಿದೆ. ಎರಡನೆಯ ವರ್ಷದ ಒಂದು ಮಧ್ಯಾಹ್ನ, ದಕ್ಷಿಣ ಭಾರತಕ್ಕೆ ಕಡಲು ದಾಟಿ ಬಂದ ವ್ಯಾಪಾರದ ಬಗ್ಗೆ ಪಾಠ ಮಾಡುತ್ತಿದ್ದ ಪ್ರಾಧ್ಯಾಪಕರು ಗೋಡೆಯ ಮೇಲೆ ಒಂದು ಕಂಚಿನ ನಾಣ್ಯದ ಚಿತ್ರ ಮೂಡಿಸಿದರು. ಎಡತೋಳಿನಲ್ಲಿ ಹಣ್ಣು ತುಂಬಿದ ಕೊಂಬು, ಬಲಗೈಯಲ್ಲಿ ನೆಲಕ್ಕೂರಿದ ಕೋಲು. ಅವರು ಹೇಳಿದರು: ಇವಳು ಫಾರ್ಚುನಾ, ರೋಮನ್ನರ ಅದೃಷ್ಟದ ದೇವತೆ. ಕೊಂಬು ಸಮೃದ್ಧಿಯದು. ಕೋಲು ಹಡಗಿನ ಚುಕ್ಕಾಣಿ, ಮನುಷ್ಯರ ಬದುಕನ್ನು ಯಾವ ಕಡೆ ತಿರುಗಿಸಬೇಕೆಂಬುದು ಅವಳ ಕೈಯಲ್ಲಿದೆ ಎಂಬ ಅರ್ಥ. ಮುಂದಿನ ಚಿತ್ರದಲ್ಲಿ ರೆಕ್ಕೆಯವಳು, ವಿಕ್ಟೋರಿಯಾ, ಗೆಲುವಿನ ದೇವತೆ. ಅದರ ಮುಂದಿನದು ಸೋಲ್, ಸೂರ್ಯ. ಯಾವನೋ ಯಜಮಾನ ಎಂದು ಅವ್ವ ಸರಿಸಿದ್ದ ಮುಖ ಒಬ್ಬ ಚಕ್ರವರ್ತಿಯದು.

ಲೆಕ್ಕದ ಪುಸ್ತಕವನ್ನು ಊರಿನಿಂದ ತಂದು ಅವರ ಮುಂದಿಟ್ಟೆ. ಅವರು ಭೂತಗನ್ನಡಿ ಹಿಡಿದು ಅರ್ಧ ದಿನ ಕುಳಿತರು. ಪೆನ್ಸಿಲ್ಲಿನ ಗುರುತು ಎಷ್ಟು ಹೇಳಬಲ್ಲದೋ ಅಷ್ಟನ್ನೇ ಹೇಳಿದರು: ಅಕ್ಷರಗಳು ಲ್ಯಾಟಿನ್, ರೂಪಗಳು ರೋಮನ್ ನಾಣ್ಯಗಳವು, ರೋಮಿನ ಕೊನೆಗಾಲದ ಚಕ್ರವರ್ತಿಗಳ ಕಾಲದವಿರಬಹುದು, ನಾಣ್ಯ ಕಣ್ಣಾರೆ ಕಾಣದೆ ಅಸಲಿ ಎಂದು ಬರೆದುಕೊಡಲಾರೆ. ನಾನೂ ಅದಕ್ಕಿಂತ ಹೆಚ್ಚಿನದನ್ನು ಇಲ್ಲಿ ಸಾಧಿಸುತ್ತಿಲ್ಲ. ಇಂಥ ಕಂಚಿನ ನಾಣ್ಯಗಳು ತಮಿಳುನಾಡಿನ ನದೀತೀರಗಳಲ್ಲಿ ಸಿಕ್ಕಿವೆ. ಉಯ್ಯಂಬಳ್ಳಿಯ ಆಚೆ, ಕನಕಪುರದ ತೆಂಕಣ ಅಂಚಿನಲ್ಲಿ ಹರಿಯುವ ಕಾವೇರಿಯ ದಂಡೆ ಹಿಡಿದು ಯಾವನೋ ವರ್ತಕ ನಮ್ಮ ಕಡೆಗೂ ಬಂದಿದ್ದಿರಬಹುದು. ಇರಬಹುದು ಎಂದಷ್ಟೇ ಹೇಳಬೇಕಾಗಿ ಬಂದಿರುವುದು ನಿಮ್ಮಿಂದ. ನಮ್ಮ ಸೀಮೆಯ ಇತಿಹಾಸದ ಒಂದು ಪುಟಕ್ಕೆ ಸಾಕ್ಷಿ ನಿಮ್ಮ ಮೇಜಿಗೆ ನಡೆದುಕೊಂಡು ಬಂದಿತ್ತು. ನೀವು ಅದನ್ನು ಗೊಂಬೆ ಅಂಗಡಿಯ ಸಾಮಾನು ಎಂದಿರಿ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕಡತ ಲಭ್ಯವಿಲ್ಲ ಎಂದಿರಿ. ಮೇಲ್ಮನವಿ ಹಾಕಿದ ಮೇಲೆ ಲಭ್ಯವಾಯಿತು. ಒಂದೂವರೆ ಪುಟದ ಮಹಜರು. ಬಿಲ್ಲೆಗಳೆಷ್ಟು ಎಂದಿಲ್ಲ, ತೂಕವಿಲ್ಲ, ಚಿತ್ರವಿಲ್ಲ. "ಇತ್ತೀಚೆಗೆ ತಯಾರಿಸಿದ ಕೆಲವು ಹಿತ್ತಾಳೆ ಬಿಲ್ಲೆಗಳು" ಎಂದಿದೆ. ಎರಡು ಸಾಲಿನ ಕೆಳಗೆ, "ಅರಿಶಿನ ಕುಂಕುಮ ಕಂಡುಬಂದಿದ್ದು ನಿಧಿ ಪೂಜೆ ನಡೆಸಿರುವ ಶಂಕೆ ಇದೆ" ಎಂದಿದೆ. ಅದರ ಕೆಳಗೆ, "ಸದರಿ ಮಹಿಳೆಯು ಅಸಲು ನಿಧಿಯನ್ನು ಅಪಹರಿಸಿ, ಎಂಟು ದಿನಗಳ ಅವಧಿಯಲ್ಲಿ ನಕಲಿ ಬಿಲ್ಲೆಗಳನ್ನು ಮಾಡಿಸಿ ಹಾಜರುಪಡಿಸಿರುವ ಸಾಧ್ಯತೆ ಇದೆ." ಅದರ ಕೆಳಗೆ ನಮ್ಮ ಅವ್ವನ ಸಹಿ, ಅಕ್ಷರ ಕೂಡಿಸಿ ಬರೆದದ್ದು. ವಸ್ತುಗಳು ಈಗ ಎಲ್ಲಿವೆ ಎಂಬ ಪ್ರಶ್ನೆಗೆ ಒಂದೇ ಪದ: "ಪತ್ತೆಯಿಲ್ಲ."

ಆ ಎಂಟು ದಿನಗಳನ್ನು ನೀವು ಮಾಡಿದ್ದು ಇದು. ಹುಳುವಿಗೆ ಸೊಪ್ಪು ಹಾಕಿದ ಎಂಟು ದಿನಗಳನ್ನು ಎರಕದ ಅಚ್ಚಿನ ಎಂಟು ದಿನಗಳಾಗಿಸಿದಿರಿ. ಒಬ್ಬರೇ ಒಬ್ಬ ತಜ್ಞರಿಗೆ ತೋರಿಸಿದ್ದರೆ, ತೊಳೆಯದ ಆ ಮೂರನ್ನು ಒಮ್ಮೆ ಕೈಯಲ್ಲಿ ಹಿಡಿದಿದ್ದರೆ, ಈ ವಾಕ್ಯ ಬರೆಯಲು ಆಗುತ್ತಿರಲಿಲ್ಲ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಮಹಜರನ್ನು ಅವ್ವನಿಗೆ ಓದಿ ಹೇಳಿದೆ. ಓದದೆ ಇರಬಹುದಿತ್ತು. ಆದರೆ ಅವಳ ಸಹಿಯಿರುವ ಹಾಳೆಯಲ್ಲಿ ಏನಿದೆಯೆಂದು ತಿಳಿಯುವ ಹಕ್ಕು ನನಗಿಂತ ಮೊದಲು ಅವಳದು. ಅವಳು ಒಲೆಯ ಮುಂದೆ ಕುಳಿತು ಪೂರ್ತಿ ಕೇಳಿದಳು.

"ನಾನು ತೊಳ್ದಿದ್ದು ತಪ್ಪಾ ಮಗಾ?" ಎಂದಳು.

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. "ತಪ್ಪೇ ಅವ್ವ. ಆ ಕಿಲುಬೇ ಅದರ ವಯಸ್ಸಿಗೆ ಸಾಕ್ಷಿ. ತೊಳೀಬಾರ್ದಿತ್ತು" ಎಂದೆ.

ಅವಳು ಉರಿಯುವ ಸೌದೆಯನ್ನು ಒಲೆಯೊಳಕ್ಕೆ ತಳ್ಳಿದಳು. ಆಮೇಲೆ ಹೇಳಿದಳು: "ತಪ್ಪು ಅಂತ ಆವತ್ತೇ ಯೋಳ್ಬೋದಿತ್ತಲ್ಲ. ತಪ್ಪಾಯ್ತು ಸಾಮಿ ಅಂತಿದ್ದೆ. ಗೊತ್ತಿಲ್ದೋಳು ಅಂತ ಬರೀಬೋದಿತ್ತು. ಕಳ್ಳಿ ಅಂತ ಯಾಕ್ ಬರುದ್ರು?"

ನನ್ನ ಎಲ್ಲ ಓದೂ ಸೇರಿ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಕಟ್ಟಲಾರದು. ತಿಳಿಯದೆ ಮಾಡಿದ ತಪ್ಪಿಗೂ ತಿಳಿದು ಮಾಡಿದ ಅಪರಾಧಕ್ಕೂ ಇರುವ ವ್ಯತ್ಯಾಸ ಓದು ಬಾರದ ಅವಳಿಗೆ ಗೊತ್ತು. ಅದನ್ನು ಗುರುತಿಸಲೆಂದೇ ಸಂಬಳ ಪಡೆಯುವ ನಿಮಗೆ ಗೊತ್ತಿರಲಿಲ್ಲ.

ಇದರ ಫಲ ನಮ್ಮ ಮನೆಗಷ್ಟೇ ನಿಂತಿಲ್ಲ ಎಂಬುದನ್ನೂ ತಿಳಿದುಕೊಳ್ಳಿ. ಎರಡು ವರ್ಷದ ಹಿಂದೆ ನಮ್ಮೂರಿನವರೊಬ್ಬರು ಪಾಯ ತೆಗೆಯುವಾಗ ಸಿಕ್ಕ ಒಂದು ಮಡಕೆಯನ್ನು ಬಾಯಿ ಬಿಚ್ಚಿಯೂ ನೋಡದೆ ಕಣ್ವ ಕೆರೆಗೆ ಎಸೆದು ಬಂದರು. "ನಿಮ್ಮವ್ವನ್ ಗತಿ ನಮ್ಗ್ಯಾಕೆ?" ಎಂದು ನನಗೇ ಹೇಳಿದರು. ಇಂದು ಬೈರಮಂಗಲದಿಂದ ಮಾಗಡಿಯವರೆಗೆ ಬಡಾವಣೆಗೆಂದು, ತೋಟದ ಮನೆಗೆಂದು ಯಂತ್ರಗಳು ನೆಲ ಬಗೆಯುತ್ತಿವೆ. ಆ ಮಣ್ಣಿನಲ್ಲಿ ಏನು ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ತಂದು ಕೊಟ್ಟವರಿಗೆ ಏನಾಯಿತೆಂಬುದು ಮಾತ್ರ ಎಲ್ಲರಿಗೂ ತಿಳಿದಿದೆ.

ಆದ್ದರಿಂದ, ಸಂಬಂಧಪಟ್ಟ ಅಧಿಕಾರಿಗಳೇ, ಈ ಬರಹವನ್ನೇ ನನ್ನ ಮನವಿಯೆಂದು ಪರಿಗಣಿಸಬೇಕಾಗಿ ಕೋರುತ್ತೇನೆ. ನನ್ನ ತಾಯಿ ತಂದು ಒಪ್ಪಿಸಿದ ಮೂವತ್ತೊಂದು ಕಂಚಿನ ನಾಣ್ಯಗಳು ಯಾರ ಕೈಯಿಂದ ಯಾರ ಕೈಗೆ ಹೋದವು, ಕೊನೆಯದಾಗಿ ಯಾರ ವಶದಲ್ಲಿದ್ದವು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಅವುಗಳನ್ನು ಹುಡುಕಿಸಿ, ಸಿಕ್ಕಿದರೆ ಪುರಾತತ್ವ ತಜ್ಞರ ಪರಿಶೀಲನೆಗೆ ಒಪ್ಪಿಸಬೇಕು. ಸಿಗದಿದ್ದರೆ ಕಳೆದವರ ಮೇಲೆ ಕ್ರಮ ಜರುಗಿಸಬೇಕು. ನನ್ನ ಬಳಿಯಿರುವ ಪೆನ್ಸಿಲ್ ಪ್ರತಿಗಳನ್ನು ಪರಿಶೀಲನೆಗೆ ಒದಗಿಸಲು ನಾನು ಸಿದ್ಧಳಿದ್ದೇನೆ. ಅಪಹರಣ, ನಕಲಿ ಹಾಗೂ ನಿಧಿ ಪೂಜೆಯ ಮಾತುಗಳನ್ನು ಮಹಜರಿನಿಂದ ತೆಗೆದುಹಾಕಿ, ಆ ಮಹಿಳೆ ಸ್ವಇಚ್ಛೆಯಿಂದ ತಂದು ಒಪ್ಪಿಸಿದಳೆಂದೂ, ತಿಳಿಯದೆ ತೊಳೆದಳೆಂದೂ ದಾಖಲಿಸಬೇಕು. ನೆಲದಲ್ಲಿ ಸಿಕ್ಕಿದ್ದನ್ನು ತೊಳೆಯದೆ, ಹೆದರದೆ ತಂದು ಕೊಡಬಹುದೆಂದು, ಕೊಟ್ಟವರಿಗೆ ಅಲ್ಲಿಯೇ ಎಣಿಕೆ ಸಹಿತ ರಸೀದಿ ಸಿಗುವುದೆಂದು ಜಿಲ್ಲೆಯ ಪ್ರತಿ ಪಂಚಾಯಿತಿಯಲ್ಲೂ ಪ್ರಕಟಿಸಬೇಕು.

ನಿಮ್ಮ ಉತ್ತರವನ್ನು ನನ್ನ ಹೆಸರಿಗೆ ಕಳಿಸುವುದು ಬೇಡ. ನನ್ನ ತಾಯಿಯ ಹೆಸರಿಗೆ, ಕನ್ನಡದಲ್ಲಿ, ಸಹಿ ಮತ್ತು ಮೊಹರಿನೊಂದಿಗೆ ಬರಬೇಕು. ಅದನ್ನು ತರುವ ನೌಕರ ನಮ್ಮ ಜಗಲಿಯ ಮೇಲೆ ಕುಳಿತು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವಳಿಗೆ ಓದಿ ಹೇಳಿದ ನಂತರವೇ ಅವಳ ಸಹಿ ಪಡೆಯಬೇಕೆಂದು ಈ ಮೂಲಕ ಕೋರುತ್ತೇನೆ.